‘ಅದೇ ಬಂತು’: ಮಕ್ಕಳಿಗೆ ಹಾನಿ ಮಾಡುವ ವಿಡಿಯೊ ಮೇಲೆ ದೂರು ಕೊಡುವುದು ಹೇಗೆ?

ಅಕ್ಕನ ಮಗಳಿಗೆ ಎಂಟು ವರ್ಷ. ಒಂದು ಸಂಜೆ ಫೋನನ್ನು ಮಗುಚಿಟ್ಟು ಸುಮ್ಮನೆ ಕೂತಿದ್ದಳು. ‘ಏನಾಯ್ತೇ?’ ಅಂತ ಕೇಳಿದೆ. ‘ನಾನು ಹಾಕಿದ್ದಲ್ಲ ಚಿಕ್ಕಮ್ಮ, ಅದೇ ಬಂತು’ ಅಂದಳು.

ಎತ್ತಿ ನೋಡಿದರೆ ಒಂದು ಕಾರ್ಟೂನ್. ದುಂಡು ಮುಖ, ದೊಡ್ಡ ಕಣ್ಣು, ಹಿಂದೆ ಶಿಶುಗೀತೆಯ ರಾಗ. ಮೊದಲ ನಾಲ್ಕು ನಿಮಿಷ ಏನೂ ಇಲ್ಲ. ಆಮೇಲೆ ಅದೇ ದುಂಡು ಮುಖದ ಪಾತ್ರ ಇನ್ನೊಂದು ಪಾತ್ರವನ್ನು ಕುರ್ಚಿಗೆ ಕಟ್ಟಿ ಚಾಕು ತೆಗೆಯುತ್ತದೆ. ರಾಗ ಮಾತ್ರ ನಿಲ್ಲುವುದಿಲ್ಲ.

ಸಿಟ್ಟಿನಲ್ಲಿ ರಿಪೋರ್ಟ್ ಒತ್ತಿ ‘ಕೆಟ್ಟ ವಿಡಿಯೊ’ ಅಂತ ಬರೆದು ಕಳಿಸಿದೆ. ಎರಡು ದಿನಕ್ಕೆ ಉತ್ತರ ಬಂತು: ನಿಯಮ ಮೀರಿದ್ದು ಕಂಡಿಲ್ಲ. ಎರಡನೇ ಸಲ ದೂರನ್ನೇ ಬೇರೆ ಥರ ಬರೆದೆ. ವಿಡಿಯೊ ಹೋಯಿತು. ಆ ಎರಡು ದೂರುಗಳ ನಡುವೆ ನಾನು ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಮಗು ಹೇಳಿದ ‘ಅದೇ ಬಂತು’ ಅನ್ನೋ ಮಾತು ನೆಪವಲ್ಲ. ದೂರಿನ ಜೀವಾಳವೇ ಅದು. ಏನು ಕಾಣಿಸಿತು ಅನ್ನುವಷ್ಟೇ, ಅದು ಹೇಗೆ ಬಂತು ಅನ್ನುವುದೂ ಮುಖ್ಯ. ಈಚಿನ ಕಾನೂನುಗಳು ಹೊರಳಿರುವುದೂ ಇದೇ ದಿಕ್ಕಿಗೆ.

ಮೊದಲು ಮಗು, ಆಮೇಲೆ ಫೋನ್

ಕೈಯಿಂದ ಫೋನ್ ಕಿತ್ತುಕೊಳ್ಳಬೇಡಿ. ಹೇಳಿದ್ದಕ್ಕೆ ಶಿಕ್ಷೆ ಸಿಕ್ಕಿದರೆ ಮುಂದಿನ ಸಲ ಮಗು ಹೇಳುವುದಿಲ್ಲ. ‘ಹೇಳಿದ್ದು ಒಳ್ಳೇದಾಯ್ತು, ನಿನ್ನ ತಪ್ಪಿಲ್ಲ’ ಅನ್ನಿ. ಆಮೇಲೆ ಎರಡೇ ಪ್ರಶ್ನೆ ಕೇಳಿ. ಇದಕ್ಕೆ ಮುಂಚೆ ಏನು ನೋಡ್ತಿದ್ದೆ? ಇದನ್ನ ಯಾರಾದ್ರೂ ಕಳಿಸಿದ್ರಾ, ನೀನು ಹುಡುಕಿದ್ಯಾ, ಅಥವಾ ಅದೇ ಬಂತಾ? ‘ಎಲ್ಲಿ, ಇನ್ನೊಂದ್ಸಲ ತೋರ್ಸು’ ಅಂತ ಮಗುವಿನ ಕೈಲೇ ಮತ್ತೆ ಹಾಕಿಸಬೇಡಿ. ನೋಡಬೇಕಾದರೆ ನೀವೊಬ್ಬರೇ ನೋಡಿ.

ಅದು ಯಾವ ಬಗೆಯದು?

ಎಲ್ಲ ಕೆಟ್ಟ ವಿಡಿಯೊಗಳಿಗೂ ದಾರಿ ಒಂದೇ ಅಲ್ಲ. ಕೆಲವು ನೇರವಾಗಿ ಅಪರಾಧ: ಮಕ್ಕಳ ಲೈಂಗಿಕ ಚಿತ್ರ, ಬೆದರಿಕೆ, ಮಗುವಿನ ಹಿಂದೆ ಬಿದ್ದ ಅಪರಿಚಿತ. ಇವು ಪೊಲೀಸರ ಕೆಲಸ. ಕೆಲವು ಕಂಪನಿಯ ನಿಯಮಕ್ಕೆ ವಿರುದ್ಧ, ನನಗೆ ಸಿಕ್ಕ ಕಾರ್ಟೂನ್‌ನಂತೆ. ಇನ್ನು ಕೆಲವು ದೊಡ್ಡವರಿಗೆ ಸರಿ, ಮಕ್ಕಳಿಗಲ್ಲ. ಅವನ್ನು ತೆಗೆಸಲು ಆಗಲಿಕ್ಕಿಲ್ಲ, ಆದರೆ ವಯಸ್ಸಿನ ತಡೆ ಹಾಕಿಸಬಹುದು. ಒಟಿಟಿ, ಅಂದರೆ ಇಂಟರ್‌ನೆಟ್‌ನಲ್ಲಿ ಸಿನಿಮಾ, ಧಾರಾವಾಹಿ ತೋರಿಸುವ ಸೇವೆ ಆದರೆ ಇನ್ನೂ ಸುಲಭ. ಉದಾಹರಣೆಗೆ ಭಾರತದ 2021ರ ಐಟಿ ನಿಯಮಗಳು ಯು, ಯು/ಎ 7+, ಯು/ಎ 13+, ಯು/ಎ 16+, ಎ ಅಂತ ಐದು ದರ್ಜೆ ಮಾಡಿವೆ. ದರ್ಜೆ ತಪ್ಪಾಗಿದೆ ಅಂತಲೇ ದೂರು ಕೊಡಬಹುದು.

ನಾಲ್ಕನೆಯ ಬಗೆ ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ಒಂದೊಂದೇ ನೋಡಿದರೆ ಯಾವುದೂ ಅಷ್ಟು ಭಯಂಕರ ಅನ್ನಿಸದು. ಆದರೆ ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಬ್ರಿಟನ್‌ನಲ್ಲಿ 2017ರಲ್ಲಿ 14 ವರ್ಷದ ಹುಡುಗಿಯೊಬ್ಬಳು ಪ್ರಾಣ ಕಳೆದುಕೊಂಡಳು. ಕೊನೆಯ ಆರು ತಿಂಗಳಲ್ಲಿ ಅವಳು ಇನ್‌ಸ್ಟಾಗ್ರಾಮ್‌ನಲ್ಲಿ ಲೈಕ್ ಮಾಡಿದ, ಉಳಿಸಿಟ್ಟ, ಹಂಚಿಕೊಂಡ ಪೋಸ್ಟ್‌ಗಳು ಸುಮಾರು 16,300. ಅವುಗಳಲ್ಲಿ ಸುಮಾರು 2,100 ಖಿನ್ನತೆ, ಆತ್ಮಹತ್ಯೆ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವುದರ ಬಗ್ಗೆ ಇದ್ದವು. ಅವಳ ಸಾವಿನಲ್ಲಿ ಆನ್‌ಲೈನ್‌ನಲ್ಲಿ ಕಂಡದ್ದರ ಪಾಲೂ ಇದೆ ಅಂತ 2022ರಲ್ಲಿ ಸಾವಿನ ಕಾರಣ ವಿಚಾರಿಸುವ ಅಧಿಕಾರಿ ತೀರ್ಮಾನ ಕೊಟ್ಟರು. ಆರು ತಿಂಗಳಿಗೆ 2,100 ಅಂದರೆ ದಿನಕ್ಕೆ ಹನ್ನೊಂದು, ಹನ್ನೆರಡು. ಇಂಥ ಕಡೆ ಒಂದು ಪೋಸ್ಟ್ ತೆಗೆಸಿ ಏನು ಬಂತು? ಆ ಸಾಲಿನ ಬಗ್ಗೆಯೇ ದೂರು ಕೊಡಬೇಕು.

ಮಗುವಿನ ಫೀಡ್‌ನಲ್ಲಿ, ಅಂದರೆ ಆ್ಯಪ್ ತೆರೆದಾಗ ಒಂದರ ಹಿಂದೆ ಒಂದು ಬರುವ ಪೋಸ್ಟ್‌ಗಳಲ್ಲಿ, ಇಂಥ ಸಾಲು ಕಂಡರೆ ದೂರಿಗಿಂತ ಮೊದಲು ಮಗುವಿನ ಜೊತೆ ಕೂತು ಮಾತಾಡಿ. ಮನಸ್ಸಿನ ವೈದ್ಯರನ್ನು ಅಥವಾ ಆಪ್ತ ಸಮಾಲೋಚಕರನ್ನು ಕಾಣಲು ತಡ ಮಾಡಬೇಡಿ.

ಸಾಕ್ಷಿ ಎತ್ತಿಡಿ, ಒಂದು ಬಗೆಯದನ್ನು ಬಿಟ್ಟು

ರಿಪೋರ್ಟ್ ಮಾಡುವ ಮುಂಚೆ ನಾಲ್ಕು ಸಂಗತಿ ಬರೆದಿಡಿ. ಶೇರ್ ಬಟನ್ ಒತ್ತಿ ಕಾಪಿ ಮಾಡಿದ ಲಿಂಕ್. ಹಾಕಿದವರ ಖಾತೆಯ ಹೆಸರು, ಅಕ್ಷರ ಅಕ್ಷರವೂ ಸರಿಯಾಗಿ. ನೋಡಿದ ದಿನ, ಹೊತ್ತು. ವಿಡಿಯೊ ಆದರೆ ಆ ದೃಶ್ಯ ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡಿಗೆ ಬರುತ್ತದೆ ಅನ್ನುವುದು. ಜೊತೆಗೆ ಸ್ಕ್ರೀನ್‌ಶಾಟ್. ಇದಕ್ಕೆ ಮುಂಚೆ ಏನು ಓಡುತ್ತಿತ್ತು ಅನ್ನುವುದು ವಾಚ್ ಹಿಸ್ಟರಿಯಲ್ಲಿ, ಅಂದರೆ ನೋಡಿದ ವಿಡಿಯೊಗಳ ಪಟ್ಟಿಯಲ್ಲಿ, ಇರುತ್ತದೆ. ಅದರದ್ದೂ ಒಂದು ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ‘ಅದೇ ಬಂತು’ ಅನ್ನುವುದಕ್ಕೆ ಅದೇ ಸಾಕ್ಷಿ.

ಮಕ್ಕಳ ಲೈಂಗಿಕ ಚಿತ್ರ, ವಿಡಿಯೊ ಆದರೆ ಮಾತ್ರ ಸ್ಕ್ರೀನ್‌ಶಾಟ್ ಬೇಡವೇ ಬೇಡ. ಡೌನ್‌ಲೋಡ್ ಬೇಡ. ‘ನೋಡಿ, ಹುಷಾರಾಗಿರಿ’ ಅಂತ ವಾಟ್ಸ್‌ಆ್ಯಪ್ ಗ್ರೂಪಿಗೆ ಕಳಿಸುವುದಂತೂ ಬೇಡ. ಒಳ್ಳೆಯ ಉದ್ದೇಶದಿಂದ ಮಾಡಿದರೂ ಆ ಮಗುವಿನ ಚಿತ್ರ ಮತ್ತಷ್ಟು ಕೈಗೆ ಹೋಗುತ್ತದೆ. ಕಾನೂನಿನ ತೊಂದರೆಯೂ ಇದೆ. ಭಾರತದ ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಹೇಳಿದಂತೆ, ಹಂಚುವುದಷ್ಟೇ ಅಲ್ಲ, ಇಂಥದ್ದನ್ನು ಅಳಿಸದೆ, ತಿಳಿಸದೆ ಇಟ್ಟುಕೊಳ್ಳುವುದೂ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯಡಿ ಅಪರಾಧ ಆಗಬಹುದು. ಲಿಂಕ್ ಮತ್ತು ಖಾತೆಯ ಹೆಸರನ್ನು ಕಾಗದದಲ್ಲಿ ಬರೆದುಕೊಂಡು ಪೊಲೀಸರಿಗೆ ಕೊಡಿ. ಅಷ್ಟು ಸಾಕು.

ದೂರು ಬರೆಯುವ ಬಗೆ

ನನ್ನ ಮೊದಲ ದೂರು ಯಾಕೆ ಬಿದ್ದುಹೋಯಿತು? ದಿನಕ್ಕೆ ಬರುವ ರಾಶಿ ರಾಶಿ ದೂರುಗಳನ್ನು ಮೊದಲು ಯಂತ್ರ ಜಾಲಾಡುತ್ತದೆ, ಆಮೇಲೆ ಮನುಷ್ಯರು ನೋಡುತ್ತಾರೆ, ಅದೂ ಅವಸರದಲ್ಲಿ. ಹತ್ತು ನಿಮಿಷದ ವಿಡಿಯೊವನ್ನು ಕೂತು ಪೂರ್ತಿ ನೋಡುವ ವ್ಯವಧಾನ ಅವರಿಗಿರುವುದಿಲ್ಲ. ಎಲ್ಲಿ ನೋಡಬೇಕು ಅಂತ ನಾವೇ ಬೆರಳಿಟ್ಟು ತೋರಿಸಬೇಕು.

ರಿಪೋರ್ಟ್ ಒತ್ತಿದಾಗ ಮೊದಲು ಬರುವುದು ಕಾರಣಗಳ ಪಟ್ಟಿ. ಇಲ್ಲೇ ಜಾಸ್ತಿ ಜನ ಎಡವುವುದು. ‘ನನಗೆ ಇಷ್ಟವಿಲ್ಲ’ ಅನ್ನುವುದನ್ನು ಆರಿಸಿದರೆ ಅದು ದೂರೇ ಆಗದೆ ಹೋಗಬಹುದು. ನಿಮ್ಮ ಫೀಡ್‌ನಿಂದ ಅದು ಮಾಯವಾಗುತ್ತದೆ, ಅಷ್ಟೇ. ಪಕ್ಕದ ಮನೆ ಮಗುವಿಗೆ ಕಾಣಿಸುತ್ತಲೇ ಇರುತ್ತದೆ. ‘ಮಕ್ಕಳಿಗೆ ಹಾನಿ’, ‘ಹಿಂಸೆ’, ‘ಆತ್ಮಹತ್ಯೆ ಅಥವಾ ಸ್ವಹಾನಿ’ ಇವುಗಳಲ್ಲಿ ಸರಿಯಾದುದನ್ನು ಆರಿಸಿ.

ವಿವರ ಬರೆಯಲು ಜಾಗ ಕೊಟ್ಟಿದ್ದರೆ ಖಾಲಿ ಬಿಡಬೇಡಿ. ನನ್ನ ಎರಡನೇ ದೂರು ಹೀಗಿತ್ತು:

‘ಈ ವಿಡಿಯೊದ ಹೆಸರು, ಚಿತ್ರ, ಹಾಡು ಎಲ್ಲವೂ ಚಿಕ್ಕ ಮಕ್ಕಳಿಗೆಂದೇ ಮಾಡಿದಂತಿವೆ. 4 ನಿಮಿಷ 12 ಸೆಕೆಂಡಿನಿಂದ 4 ನಿಮಿಷ 50 ಸೆಕೆಂಡಿನವರೆಗೆ ಒಂದು ಪಾತ್ರವನ್ನು ಕಟ್ಟಿಹಾಕಿ ಚಾಕುವಿನಿಂದ ಇರಿಯುವುದನ್ನು ತೋರಿಸಿದ್ದಾರೆ. ಎಂಟು ವರ್ಷದ ಮಗು ಅಕ್ಷರಮಾಲೆಯ ಹಾಡು ನೋಡುತ್ತಿದ್ದಾಗ, ಅದು ಮುಗಿದ ಕೂಡಲೇ ಇದು ತಾನಾಗಿಯೇ ಓಡಿತು. ಮಗು ಹುಡುಕಿದ್ದಲ್ಲ. ಮಕ್ಕಳಿಗೆಂದು ತೋರಿಸುವ ವಿಡಿಯೊದಲ್ಲಿ ಹಿಂಸೆ ಇರಬಾರದು ಅನ್ನುವ ನಿಮ್ಮದೇ ನಿಯಮಕ್ಕೆ ಇದು ವಿರುದ್ಧ. ಇದನ್ನು ತೆಗೆಯಬೇಕು. ಈ ಚಾನೆಲ್‌ನ ಉಳಿದ ವಿಡಿಯೊಗಳನ್ನೂ ನೋಡಬೇಕು.’

ಬೈಗುಳ ಇಲ್ಲ, ‘ನಮ್ಮ ಸಮಾಜ ಎತ್ತ ಸಾಗುತ್ತಿದೆ’ ಅನ್ನೋದೂ ಇಲ್ಲ. ಏನು, ಎಲ್ಲಿ, ಹೇಗೆ ಬಂತು, ಯಾವ ನಿಯಮ, ಏನು ಆಗಬೇಕು. ಸಿಟ್ಟು ಬರುವುದು ಸಹಜ, ನನಗೂ ಬಂದಿತ್ತು. ಆದರೆ ಸಿಟ್ಟಿನ ಸಾಲುಗಳ ನಡುವೆ ಆ 4 ನಿಮಿಷ 12 ಸೆಕೆಂಡ್ ಕಳೆದುಹೋಗುತ್ತದೆ.

ಮೊದಲು ರಿಪೋರ್ಟ್, ಆಮೇಲೆ ಬ್ಲಾಕ್. ಮೊದಲೇ ಬ್ಲಾಕ್ ಮಾಡಿದರೆ ಆ ಖಾತೆಯನ್ನು ಮತ್ತೆ ಹುಡುಕುವುದೇ ಕಷ್ಟ. ನಿಮ್ಮ ಹೆಸರು ವಿಡಿಯೊ ಹಾಕಿದವರಿಗೆ ಗೊತ್ತಾಗುತ್ತದೆ ಅನ್ನುವ ಅಳುಕು ಬೇಡ. ಯೂಟ್ಯೂಬ್, ಇನ್‌ಸ್ಟಾಗ್ರಾಮ್‌ನಂಥ ಕಡೆ ಇಂಥ ರಿಪೋರ್ಟ್ ಮಾಡಿದವರ ಹೆಸರನ್ನು ಹೇಳುವುದಿಲ್ಲ. ಹಾಗೆಯೇ, ನೂರು ಜನರಿಂದ ಒತ್ತಿಸಿದರೆ ಬೇಗ ತೆಗೆಯುತ್ತಾರೆ ಅನ್ನುವ ನಂಬಿಕೆಯೂ ಬೇಡ. ಸರಿಯಾಗಿ ಬರೆದ ಒಂದು ದೂರು ಸಾಕು.

ಕಂಪನಿ ಕೇಳದಿದ್ದರೆ

‘ನಿಯಮ ಮೀರಿಲ್ಲ’ ಅಂತ ಉತ್ತರ ಬಂದರೆ ಅಲ್ಲಿಗೆ ಬಿಡಬೇಡಿ. ಮರುಪರಿಶೀಲನೆ ಕೇಳುವ ದಾರಿ ಹೆಚ್ಚಿನ ಕಡೆ ಇದೆ. ಆ ಉತ್ತರದ ಸ್ಕ್ರೀನ್‌ಶಾಟ್ ಜೋಪಾನ ಮಾಡಿ. ಮುಂದೆ ಹೋಗುವಾಗ ‘ಕಂಪನಿಗೆ ಹೇಳಿದ್ದಿರಾ?’ ಅಂತ ಮೊದಲು ಕೇಳುತ್ತಾರೆ.

ಮುಂದಿನ ಮೆಟ್ಟಿಲು ದೇಶದಿಂದ ದೇಶಕ್ಕೆ ಬೇರೆ. ಭಾರತದಲ್ಲಿ ಪ್ರತಿ ಕಂಪನಿಯೂ ಕುಂದುಕೊರತೆ ಅಧಿಕಾರಿಯನ್ನು ಇಟ್ಟಿರಬೇಕು. ಅವರ ಉತ್ತರ ಸರಿ ಅನ್ನಿಸದಿದ್ದರೆ ಸರ್ಕಾರ ನೇಮಿಸಿದ ಮೇಲ್ಮನವಿ ಸಮಿತಿಗೆ 30 ದಿನದೊಳಗೆ ಹೋಗಬಹುದು. ಅಪರಾಧದ ವಿಷಯವಾದರೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಇದೆ, ಮಕ್ಕಳ ಸಹಾಯವಾಣಿ 1098 ಇದೆ. ಆಸ್ಟ್ರೇಲಿಯಾದಲ್ಲಿ ಆನ್‌ಲೈನ್ ಸುರಕ್ಷತೆ ನೋಡಿಕೊಳ್ಳುವ ಇ-ಸೇಫ್ಟಿ ಆಯುಕ್ತರ ಕಚೇರಿ ನೇರವಾಗಿ ಜನರ ದೂರು ತೆಗೆದುಕೊಳ್ಳುತ್ತದೆ. ಬ್ರಿಟನ್‌ನ ಸಂವಹನ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ಒಂದೊಂದು ವಿಡಿಯೊ ತೆಗೆಸುವುದಿಲ್ಲ. ಆದರೆ ಬಂದ ದೂರುಗಳನ್ನು ಸೇರಿಸಿ ನೋಡಿ, ಕಂಪನಿಯ ವ್ಯವಸ್ಥೆಯೇ ಸರಿಯಿಲ್ಲ ಅನ್ನಿಸಿದರೆ ತನಿಖೆ ಮಾಡುತ್ತದೆ.

ಇಲ್ಲೇ ‘ಅದೇ ಬಂತು’ ಅನ್ನುವುದಕ್ಕೆ ತೂಕ ಬರುವುದು. ಬ್ರಿಟನ್‌ನ 2023ರ ಆನ್‌ಲೈನ್ ಸುರಕ್ಷತಾ ಕಾಯ್ದೆಯ ಪ್ರಕಾರ, ತನ್ನ ಶಿಫಾರಸು ವ್ಯವಸ್ಥೆ ಮಕ್ಕಳ ಮುಂದೆ ಏನು ತಂದಿಡುತ್ತದೆ ಅನ್ನುವುದನ್ನು ಕಂಪನಿಯೇ ಅಳೆದು, ಅಪಾಯ ತಗ್ಗಿಸಬೇಕು. ಮಕ್ಕಳ ರಕ್ಷಣೆಯ ಈ ಕರ್ತವ್ಯಗಳು 2025ರ ಜುಲೈ 25ರಿಂದ ಜಾರಿಯಲ್ಲಿವೆ. ತಪ್ಪಿದರೆ 1.8 ಕೋಟಿ ಪೌಂಡ್ ಅಥವಾ ಜಗತ್ತಿನಾದ್ಯಂತದ ವಹಿವಾಟಿನ ಶೇ 10, ಎರಡರಲ್ಲಿ ಯಾವುದು ಹೆಚ್ಚೋ ಅಲ್ಲಿಯವರೆಗೆ ದಂಡ. ಯುರೋಪಿನ ಡಿಜಿಟಲ್ ಸೇವಾ ಕಾಯ್ದೆ ಮಕ್ಕಳ ಮಾಹಿತಿ ಕಲೆಹಾಕಿ, ಅದರ ಆಧಾರದಲ್ಲಿ ಅವರಿಗೆ ಜಾಹೀರಾತು ತೋರಿಸಬಾರದು ಅನ್ನುತ್ತದೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯೂ 18ರೊಳಗಿನವರ ವಿಷಯದಲ್ಲಿ ಅದನ್ನೇ ಹೇಳಿದೆ. ಆಸ್ಟ್ರೇಲಿಯಾ ಇನ್ನೂ ಮುಂದೆ ಹೋಗಿ, 2025ರ ಡಿಸೆಂಬರ್ 10ರಿಂದ 16ರೊಳಗಿನವರಿಗೆ ಸಾಮಾಜಿಕ ಜಾಲತಾಣದ ಖಾತೆಯನ್ನೇ ನಿಲ್ಲಿಸಿತು. ನನಗೆ ಹೀಗೆ ಬಾಗಿಲು ಮುಚ್ಚುವುದಕ್ಕಿಂತ, ಫೀಡನ್ನೇ ಸರಿಮಾಡಿಸುವ ಬ್ರಿಟನ್‌ನ ದಾರಿ ಮೇಲು ಅನ್ನಿಸುತ್ತದೆ. ಹದಿನಾರು ತುಂಬಿದ ಮರುದಿನವೂ ಮಗುವಿಗೆ ಎದುರಾಗುವುದು ಅದೇ ಫೀಡ್ ತಾನೇ?

ಮಗುವಿನದೇ ಚಿತ್ರ ಆದರೆ

ಯಾರೋ ಮಗುವಿನ ಖಾಸಗಿ ಚಿತ್ರ ಇಟ್ಟುಕೊಂಡು ಹೆದರಿಸುತ್ತಿದ್ದರೆ ಒಂದು ಗಳಿಗೆಯೂ ಕಾಯದೆ ಪೊಲೀಸರಿಗೆ ತಿಳಿಸಿ. ಹಣ ಕೊಡಬೇಡಿ, ಕೊಟ್ಟರೆ ಮತ್ತೆ ಕೇಳುತ್ತಾರೆ. ಉತ್ತರಿಸುವುದನ್ನು ನಿಲ್ಲಿಸಿ. ಚಾಟ್ ಅಳಿಸಬೇಡಿ, ಪೊಲೀಸರಿಗೆ ಬೇಕು.

ಚಿತ್ರ ಹರಡದಂತೆ ತಡೆಯಲು ‘ಟೇಕ್ ಇಟ್ ಡೌನ್’ ಅನ್ನುವ ಉಚಿತ ಸೇವೆ ಇದೆ. ಕಾಣೆಯಾದ ಮತ್ತು ಶೋಷಣೆಗೆ ಒಳಗಾದ ಮಕ್ಕಳಿಗಾಗಿ ಇರುವ ಅಮೆರಿಕದ ರಾಷ್ಟ್ರೀಯ ಕೇಂದ್ರ 2023ರಲ್ಲಿ ಇದನ್ನು ಶುರು ಮಾಡಿತು. 18 ತುಂಬುವ ಮುಂಚೆ ತೆಗೆದ ಚಿತ್ರಗಳಿಗೆ ಅನ್ವಯ. ಚಿತ್ರವನ್ನು ಯಾರಿಗೂ ಕಳಿಸಬೇಕಿಲ್ಲ. ನಿಮ್ಮ ಫೋನಿನಲ್ಲೇ ಅದರ ಬೆರಳಚ್ಚಿನಂಥ ಒಂದು ಸಂಕೇತ ತಯಾರಾಗುತ್ತದೆ. ಆ ಸಂಕೇತ ಮಾತ್ರ ಹೊರಗೆ ಹೋಗುತ್ತದೆ. ಇದರಲ್ಲಿ ಸೇರಿಕೊಂಡ ಕಂಪನಿಗಳು ಅದನ್ನು ಹೋಲಿಸಿ ನೋಡಿ ಚಿತ್ರವನ್ನು ತಡೆಯುತ್ತವೆ. ಹೆಸರು ಹೇಳುವ ಅಗತ್ಯವೂ ಇಲ್ಲ.

ಫೀಡ್ ತೊಳೆಯಿರಿ, ಹುಟ್ಟಿದ ವರ್ಷ ನೋಡಿ

ದೂರು ಕೊಟ್ಟ ಮೇಲೂ ಅಂಥದ್ದೇ ಮತ್ತೆ ಬರಬಹುದು. ಮಗು ಅದನ್ನು ನೋಡಿತು ಅನ್ನುವುದು ವ್ಯವಸ್ಥೆಗೆ ನೆನಪಿದೆ. ವಾಚ್ ಹಿಸ್ಟರಿಯಿಂದ ಆ ವಿಡಿಯೊ ಅಳಿಸಿ. ‘ಈ ಚಾನೆಲ್ ಶಿಫಾರಸು ಬೇಡ’ ಒತ್ತಿ. ಒಂದು ಮುಗಿದ ಕೂಡಲೇ ಇನ್ನೊಂದನ್ನು ತಾನಾಗಿ ಓಡಿಸುವ ಆಟೊಪ್ಲೇ ಆಫ್ ಮಾಡಿ. ನನ್ನ ಮಟ್ಟಿಗೆ ಹೇಳುವುದಾದರೆ, ಬೇರೇನೂ ಮಾಡದಿದ್ದರೂ ಆಟೊಪ್ಲೇ ಒಂದನ್ನು ಆಫ್ ಮಾಡಿ.

ಆಮೇಲೆ ಖಾತೆಯಲ್ಲಿ ಹುಟ್ಟಿದ ವರ್ಷ ಏನಿದೆ ನೋಡಿ. 13 ಆಗದೆ ಖಾತೆ ಸಿಗುವುದಿಲ್ಲ ಅಂತ ನಾವೇ ಸುಳ್ಳು ವರ್ಷ ಹಾಕಿಕೊಟ್ಟಿರುತ್ತೇವೆ, ಅಲ್ವಾ? ಈ 13 ಬಂದದ್ದು ಅಮೆರಿಕದ 1998ರ ಒಂದು ಕಾಯ್ದೆಯಿಂದ. ಅದಕ್ಕಿಂತ ಚಿಕ್ಕವರ ಮಾಹಿತಿ ಕಲೆಹಾಕಲು ತಂದೆ ತಾಯಿಯ ಒಪ್ಪಿಗೆ ಬೇಕು ಅನ್ನುತ್ತದೆ ಅದು. ಆ ತಾಪತ್ರಯವೇ ಬೇಡ ಅಂತ ಕಂಪನಿಗಳು 13ಕ್ಕೆ ಗೆರೆ ಎಳೆದವು. 13 ಆದರೆ ಎಲ್ಲವನ್ನೂ ನೋಡಬಹುದು ಅಂತ ಯಾರೂ ಹೇಳಿಲ್ಲ.

ಸುಳ್ಳು ವರ್ಷದಿಂದ ನಷ್ಟ ಮಗುವಿಗೇ. 2021ರಿಂದ ಯೂಟ್ಯೂಬ್ 13ರಿಂದ 17ರವರಿಗೆ ಆಟೊಪ್ಲೇಯನ್ನು ಮೊದಲಿಗೇ ಆಫ್ ಮಾಡಿಟ್ಟಿರುತ್ತದೆ. ಇನ್‌ಸ್ಟಾಗ್ರಾಮ್ 2024ರಲ್ಲಿ ಹದಿಹರೆಯದವರಿಗೆ ಬೇರೆ ಬಗೆಯ ಖಾತೆ ತಂದಿತು. ಇವು ಕೆಲಸ ಮಾಡಬೇಕಾದರೆ ವಯಸ್ಸು ಸರಿಯಾಗಿ ಗೊತ್ತಿರಬೇಕು. ಖಾತೆಯಲ್ಲಿ 25 ಅಂತಿದ್ದರೆ, ‘ಮಗುವಿಗೆ ತೋರಿಸಿದಿರಿ’ ಅನ್ನುವ ನಿಮ್ಮ ದೂರೂ ಬಡವಾಗುತ್ತದೆ. ಅಕ್ಕನ ಮಗಳು ನೋಡುತ್ತಿದ್ದದ್ದೂ ನನ್ನ ಖಾತೆಯಲ್ಲೇ. ಮರುದಿನವೇ ಅವಳಿಗೆ ಮಕ್ಕಳ ಖಾತೆ ಮಾಡಿಕೊಟ್ಟೆ, ನಿಜವಾದ ವರ್ಷ ಹಾಕಿ.

ಉತ್ತರ ಬಂದಾಗ ಮಗುವಿಗೂ ಹೇಳಿ, ಸೋತಿದ್ದರೂ ಹೇಳಿ. ‘ಅವರು ತೆಗೀಲಿಲ್ಲ, ಇನ್ನೊಂದು ಕಡೆ ಬರೆದಿದ್ದೀನಿ’ ಅನ್ನಿ. ನಮ್ಮ ಹುಡುಗಿಗೆ ಎರಡನೇ ಉತ್ತರವನ್ನು ಓದಿ ಹೇಳಿದೆ. ‘ಹಾಗಾದ್ರೆ ಬೇರೆ ಮಕ್ಕಳಿಗೂ ಬರಲ್ವಾ?’ ಅಂತ ಕೇಳಿದಳು. ಆ ವಿಡಿಯೊ ಬರಲ್ಲ ಅಂದೆ. ಮೊನ್ನೆ ಇನ್ನೊಂದನ್ನು ತಾನೇ ನಿಲ್ಲಿಸಿ, ಎಷ್ಟನೇ ಸೆಕೆಂಡ್ ಅಂತ ಚೀಟಿಯಲ್ಲಿ ಬರೆದು ತಂದುಕೊಟ್ಟಳು.