ಶಾಲು ಬೇಡ, ದಾಖಲೆ ಮಾಡೋಣ ಅಂದೆ

ಬಳ್ಳಾರಿಯಲ್ಲಿ ನಾಟಕ ಕಲಿಸುವ ಅತಿಥಿ ಉಪನ್ಯಾಸಕರಿಗೆ ಸನ್ಮಾನಕ್ಕೇನೂ ಬರ ಇಲ್ಲ. ಜಾತ್ರೆಯಲ್ಲಿ ನಾಟಕ ಮುಗಿದರೆ ಶಾಲು, ಗಣೇಶನ ಹಬ್ಬದಲ್ಲಿ ಹಾರ, ರಾಜ್ಯೋತ್ಸವಕ್ಕೊಂದು ಫಲಕ. ನಮ್ಮಲ್ಲಿ ರಂಗದ ಬೆಳಕು ಕಲಿಸುವ ಮೇಷ್ಟ್ರು ಆ ಫಲಕಗಳನ್ನೆಲ್ಲ ಮಂಚದ ಕೆಳಗೆ ತಳ್ಳಿದ್ದಾರೆ. ಆದರೆ ಸಂದರ್ಶನಕ್ಕೆ ಹೋದಾಗ "ನಿಮ್ಮ ರಂಗಾನುಭವಕ್ಕೆ ದಾಖಲೆ ಏನಿದೆ?" ಎಂದರೆ ತೋರಿಸಲು ಒಂದು ಹಾಳೆ ಇಲ್ಲ. ಇವರಿಗಾಗಿ ಕಾಲೇಜಿನಲ್ಲಿ ಒಂದು ಕಾರ್ಯಕ್ರಮ ಮಾಡೋಣ ಎಂಬ ಮಾತು ಬಂದಾಗ ನಾನು ಮೊದಲು ಹೇಳಿದ್ದು, ಶಾಲು ಬೇಡ ಅಂತ.

ನಾನು ಕಾಯಂ ಹುದ್ದೆಯಲ್ಲಿ ಕನ್ನಡ ಪಾಠ ಮಾಡುವವಳು. ಸಾಂಸ್ಕೃತಿಕ ಸಮಿತಿಯ ಹೊಣೆ ನನ್ನ ತಲೆಗೆ ಬಂದಿತ್ತು. ನಾಟಕ, ಸಂಗೀತ, ಬಯಲಾಟ, ಕಿರುಚಿತ್ರ ಕಲಿಸುವವರೆಲ್ಲ ನಮ್ಮಲ್ಲಿ ಅತಿಥಿಗಳೇ. ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರಿಗೆ 2022ರ ಜನವರಿಯಲ್ಲಿ ಗೌರವಧನ ಜಾಸ್ತಿ ಮಾಡಿದರು. ಅಲ್ಲಿಯವರೆಗೆ ತಿಂಗಳಿಗೆ 11 ಇಲ್ಲವೇ 13 ಸಾವಿರ ಇದ್ದದ್ದು, ಅರ್ಹತೆ ಮತ್ತು ಸೇವಾವಧಿ ನೋಡಿ 26ರಿಂದ 32 ಸಾವಿರದವರೆಗೆ ಆಯಿತು. ಜೊತೆಗೆ ವಾರಕ್ಕೆ 15 ಗಂಟೆ ಪಾಠ. ಒಳ್ಳೆಯದೇ. ಆದರೂ ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕು. ಸಂಜೆ, ರಾತ್ರಿ, ರಜೆಯಲ್ಲಿ ಇವರು ಮಾಡುವ ನಾಟಕ, ಸಿನಿಮಾ ಕೆಲಸ ಆ ಅರ್ಜಿಯ ಯಾವ ಕಾಲಮ್ಮಿಗೂ ಹೊಂದುವುದಿಲ್ಲ.

ನಿಯಮದಲ್ಲಿ ಜಾಗವೇ ಇಲ್ಲ ಅಂತಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿ ನಾಟಕ ವಿಷಯಕ್ಕೆ ಬೇರೆ ದಾರಿ ಇಟ್ಟಿದೆ. ರಾಷ್ಟ್ರೀಯ ನಾಟಕ ಶಾಲೆ ಅಥವಾ ಅಂಥ ಸಂಸ್ಥೆಯಿಂದ ಪ್ರಥಮ ದರ್ಜೆಯ ಪದವಿ, ಡಿಪ್ಲೊಮಾ ಪಡೆದು, 5 ವರ್ಷ ರಂಗದ ಮೇಲೆ ಹೆಸರು ಮಾಡಿದ ಕಲಾವಿದರು ಸಹಾಯಕ ಪ್ರಾಧ್ಯಾಪಕರಾಗಬಹುದು. 2022ರಲ್ಲಿ, ಕಸುಬಿನಲ್ಲಿ ಪಳಗಿದವರನ್ನೇ ಪಾಠಕ್ಕೆ ಕರೆಯುವ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಹುದ್ದೆ ಬಂತು. ಅದಕ್ಕೆ ಪದವಿಯೇ ಬೇಕೆಂದಿಲ್ಲ, ಕ್ಷೇತ್ರದಲ್ಲಿ ಹೆಸರು ಮಾಡಿ ಕನಿಷ್ಠ 15 ವರ್ಷದ ಅನುಭವ ಇರಬೇಕು. ಎರಡೂ ಕಡೆ ಕೊನೆಗೆ ನಿಲ್ಲುವುದು ಒಂದೇ ಕಡೆ: ಪುರಾವೆ ತೋರಿಸಿ. ಹಾಗಾಗಿ ನನ್ನ ಲೆಕ್ಕದಲ್ಲಿ ಸಂಭ್ರಮ ಎಂದರೆ ಮೊದಲು ಪುರಾವೆ ಕೂಡಿಸುವುದು, ಆಮೇಲೆ ವೇದಿಕೆ.

ಅವರಿಗೆ ಫಾರ್ಮ್ ಹಂಚಲಿಲ್ಲ. ಕಲಾವಿದರ ಕೈಗೆ ಫಾರ್ಮ್ ಕೊಟ್ಟರೆ ಎರಡು ಸಾಲು ಬರೆದು ವಾಪಸ್ ಕೊಡುತ್ತಾರೆ. ಒಬ್ಬೊಬ್ಬರ ಜೊತೆ ಚಹಾ ಹಿಡಿದು ಕೂತೆ. ಹೋದ ಜಾತ್ರೆ ಸೀಸನ್ನಿನಿಂದ ಶುರು ಮಾಡಿ ಹಿಂದಕ್ಕೆ ಹಿಂದಕ್ಕೆ ಕೇಳುತ್ತ ಹೋದೆ. ಯಾವ ಊರು, ಯಾರು ಕರೆಸಿದ್ದು, ತಾಲೀಮು ಎಷ್ಟು ದಿನ, ನಿಮ್ಮ ಕೆಲಸ ಯಾವುದು. ನಾಟಕದ ಮೇಷ್ಟ್ರು ಮುಜುಗರಪಟ್ಟರು. "ಮೇಡಂ, ಅವು ಹಳ್ಳಿ ನಾಟಕ. ಅವೆಲ್ಲ ಯಾಕ್ ಬೇಕ್ರೀ?" ಎಂದರು. "ರಾತ್ರಿಯಿಡೀ ಜನ ಎದ್ದು ಹೋಗದಂಗೆ ಕೂಡಿಸಿದ್ದು ಲೆಕ್ಕಕ್ಕಿಲ್ವಾ ಸರ್?" ಎಂದೆ. ಆಮೇಲೆ ಅವರಾಗೇ ಟ್ರಂಕ್ ತೆಗೆದರು.

ಟ್ರಂಕಿನಲ್ಲಿ ಸಿಕ್ಕಿದ್ದು ಕರಪತ್ರಗಳು. ನಮ್ಮ ಕಡೆ ಹಳ್ಳಿ ನಾಟಕದ ಕರಪತ್ರ ನೋಡಿದವರಿಗೆ ಗೊತ್ತು, ಅದರಲ್ಲಿ ಇಲ್ಲದ ಮಾಹಿತಿ ಇಲ್ಲ. ಪಾತ್ರಧಾರಿಗಳು, ನಿರ್ದೇಶಕರು, ಹಾರ್ಮೋನಿಯಂ, ತಬಲಾ, ಸೀನರಿ, ಧ್ವನಿವರ್ಧಕ, ದಾನ ಕೊಟ್ಟವರು, ಎಲ್ಲರ ಹೆಸರೂ ಇರುತ್ತದೆ. ಇದಕ್ಕಿಂತ ದೊಡ್ಡ ಪುರಾವೆ ಬೇಕಾ? ಒಂದೇ ತೊಂದರೆ, ಕೆಲವದರಲ್ಲಿ ತಾರೀಖು, ವಾರ ಮಾತ್ರ ಇದೆ, ಇಸವಿ ಇಲ್ಲ. ಅದಕ್ಕೆ ಕ್ಯಾಲೆಂಡರ್ ಹಿಡಿದೆ. ಒಂದು ತಾರೀಖು ಅದೇ ವಾರಕ್ಕೆ ಮತ್ತೆ ಬರಲು ಸಾಮಾನ್ಯವಾಗಿ 5, 6 ಇಲ್ಲವೇ 11 ವರ್ಷ ಬೇಕು. ಸಾಲದ್ದಕ್ಕೆ ನಮ್ಮ ಜಾತ್ರೆಗಳು ಹುಣ್ಣಿಮೆ, ಅಮಾವಾಸ್ಯೆಗೆ ಕಟ್ಟಿಕೊಂಡವು. ತಾರೀಖು, ವಾರ, ತಿಥಿ ಮೂರೂ ಹೊಂದಿಸಿದರೆ ಬಹುಪಾಲು ಒಂದೇ ಇಸವಿ ಉಳಿಯುತ್ತದೆ. ಈ ಕೆಲಸವನ್ನು ವಿದ್ಯಾರ್ಥಿಗಳಿಗೆ ಕೊಟ್ಟೆ. ಪತ್ತೇದಾರರ ಥರ ಬಿದ್ದು ಮಾಡಿದರು.

ಸಿನಿಮಾ ಕಡೆಯದು ಇದಕ್ಕಿಂತ ಕಷ್ಟ. ಎಡಿಟಿಂಗ್ ಕಲಿಸುವ ಹುಡುಗ ಮದುವೆ ವಿಡಿಯೊ ಎಡಿಟ್ ಮಾಡಿ ಮನೆ ನಡೆಸುತ್ತಾನೆ. ನಡುವೆ ಸಿನಿಮಾಗಳಿಗೂ ಕೆಲಸ ಮಾಡಿದ್ದಾನೆ. ಆದರೆ ಒಂದರ ಟೈಟಲ್ ಕಾರ್ಡಿನಲ್ಲಿ ಅವನ ಹೆಸರೇ ಬಂದಿಲ್ಲ. ಆಗ ಬ್ಯಾಂಕಿಗೆ ಹಣ ಬಂದ ವಿವರ, ವಾಟ್ಸ್ಆ್ಯಪ್‌ನಲ್ಲಿ ನಡೆದ ಮಾತು, ಕಂಪ್ಯೂಟರಿನಲ್ಲಿ ಉಳಿದ ಪ್ರಾಜೆಕ್ಟ್ ಫೈಲಿನ ತಾರೀಖು, ಇವನ್ನು ಒಟ್ಟು ಮಾಡಿ ಆ ನಿರ್ದೇಶಕರಿಗೇ ಕಳಿಸಿದೆವು. ಅವರು ಎರಡು ಸಾಲಿನ ಪತ್ರ ಕೊಟ್ಟರು, ಅಷ್ಟು ಸಾಕಾಯಿತು. ಯೂಟ್ಯೂಬಿನಲ್ಲಿರುವ ಕಿರುಚಿತ್ರಗಳದ್ದು ಸಲೀಸು. ಹಾಕಿದ ತಾರೀಖು ಅಲ್ಲೇ ಇರುತ್ತದೆ.

ಬಯಲಾಟ ಕಲಿಸುವವರ ವಿಷಯದಲ್ಲಿ ಪ್ರದರ್ಶನಗಳನ್ನಷ್ಟೇ ಎಣಿಸಬಾರದು ಅಂತ ಹಟ ಮಾಡಿದೆ. ಒಂದು ದೊಡ್ಡಾಟ ಕಟ್ಟಲು ತಿಂಗಳುಗಟ್ಟಲೆ ತಾಲೀಮು. ಹೊಲದ ಕೆಲಸ ಮುಗಿಸಿ ಬಂದವರಿಗೆ ಮಾತು, ಪದ, ಕುಣಿತ ಹೇಳಿಕೊಡಬೇಕು. ಪಾಠ ಅಂದರೆ ಅದೇ ಅಲ್ವಾ? ದಾಖಲೆಯಲ್ಲಿ ತಾಲೀಮಿಗೇ ಒಂದು ಕಾಲಮ್ ಮಾಡಿದೆ. ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ 90 ದಾಟಿತ್ತು. ನಮ್ಮ ಮೇಷ್ಟ್ರುಗಳು ಅಷ್ಟು ದಿನ ಕಾಯೋದು ಬೇಡ ಅಂತ ನನ್ನ ಆಸೆ.

ಕಾರ್ಯಕ್ರಮಕ್ಕೆ ಕಾಲೇಜಿನ ಸಭಾಂಗಣವೇ ಸಾಕು ಎಂದೆವು. ರಾಘವ ಕಲಾಮಂದಿರ ತಗೊಳ್ಳಿ ಎಂದವರಿದ್ದರು. ಹೆಸರಾಂತ ರಂಗನಟ ಬಳ್ಳಾರಿ ರಾಘವರ (1880–1946) ಹೆಸರಿನ ಮಂದಿರ, ಯಾರಿಗೆ ಆಸೆ ಇರಲ್ಲ? ಆದರೆ ಈ ಕೆಲಸವನ್ನು ಕಾಲೇಜು ತನ್ನ ಮನೆಯಲ್ಲೇ ನೋಡಬೇಕಿತ್ತು. ಅಂದ ಹಾಗೆ, ರಾಘವರು ವಕೀಲರು. ಅವರ ಸೋದರಮಾವ, ನಾಟಕಕಾರ ಧರ್ಮವರಂ ರಾಮಕೃಷ್ಣಮಾಚಾರ್ಯರೂ ವಕೀಲರು. ಇನ್ನೊಬ್ಬ ನಾಟಕಕಾರ ಕೋಲಾಚಲಂ ಶ್ರೀನಿವಾಸರಾಯರೂ ಅಷ್ಟೇ. ಈ ಊರಿನ ರಂಗಭೂಮಿಯನ್ನು ವಕೀಲಿಕೆಯ ದುಡ್ಡು ಸಾಕಿತ್ತು. ನಮ್ಮವರಿಗೆ ಆ ಬೆನ್ನಾಸರೆ ಇಲ್ಲ. ಅದಕ್ಕೇ ಅವತ್ತು ಪ್ರದರ್ಶನ ಕೊಟ್ಟ ಎಲ್ಲರಿಗೂ ಕವರ್ ಕೊಡಲೇಬೇಕು ಎಂದು ಕೂತೆ. ಕಾಯಂ ಸಿಬ್ಬಂದಿ ಕೈಯಿಂದ ಹಣ ಸೇರಿಸಿದೆವು. ಮೊತ್ತ ದೊಡ್ಡದಲ್ಲ. ಆದರೆ ಕಲಾವಿದರನ್ನು ಗೌರವಿಸುತ್ತೇವೆ ಅಂತ ಕರೆದು ಪುಕ್ಕಟೆ ದುಡಿಸಿಕೊಳ್ಳುವುದು ನನಗೆ ಸೇರುವುದಿಲ್ಲ.

ಮುಖ್ಯ ಅತಿಥಿ ಇರಲಿಲ್ಲ. ಭಾಷಣವೂ ಇಲ್ಲ. ಪ್ರಾಂಶುಪಾಲರು ವಿದ್ಯಾರ್ಥಿಗಳ ಜೊತೆ ಕೆಳಗೆ ಕೂತರು. ಬಿಸಿಲು ಇಳಿದ ಮೇಲೆ ಶುರು. ಇಡೀ ನಾಟಕ ಬೇಡ, ಒಬ್ಬೊಬ್ಬರೂ ತಮ್ಮ ಕಸುಬು ಕಾಣುವಷ್ಟು ಮಾತ್ರ ತೋರಿಸಲಿ ಎಂದಿದ್ದೆ. ಬೆಳಕಿನ ಮೇಷ್ಟ್ರು ಒಂದೇ ದೃಶ್ಯವನ್ನು ಎರಡು ಸಲ ಆಡಿಸಿದರು. ನಟರು ಅವರೇ, ಮಾತೂ ಅದೇ. ಮೊದಲ ಸಲ ಎದುರಿನಿಂದ ಬೆಳಕು, ಎರಡನೇ ಸಲ ಪಕ್ಕದಿಂದ. ಮೊದಲ ಸಲ ಪಾಪದವನಂತೆ ಕಂಡ ಅಪ್ಪ ಎರಡನೇ ಸಲ ಹೆದರಿಕೆ ಹುಟ್ಟಿಸಿದ. ಎಡಿಟಿಂಗ್ ಹುಡುಗ ಅವೇ ಶಾಟ್‌ಗಳನ್ನು ಬೇರೆ ಸಾಲಿನಲ್ಲಿ ಜೋಡಿಸಿ ತೋರಿಸಿದ. ಅಳಿಸುತ್ತಿದ್ದ ಕಥೆ ನಗಿಸಿತು. ಗಣಿತದ ಮೇಷ್ಟ್ರೊಬ್ಬರು "ಇದೂ ಒಂದು ಕೆಲಸಾನಾ ಅಂತಿದ್ದೆ" ಎಂದು ನನ್ನ ಕಿವಿಯಲ್ಲಿ ಹೇಳಿದರು. ಹೊರಗಿನ ಗೋಡೆಗೆ ಕರಪತ್ರಗಳ ಜೆರಾಕ್ಸ್ ಅಂಟಿಸಿದ್ದೆವು. ಮೂಲ ಪ್ರತಿಗಳನ್ನು ಅಂಟಿಸಬೇಡಿ, ಗೋಂದು ಕಾಗದವನ್ನು ತಿನ್ನುತ್ತದೆ.

ಕಿರುಚಿತ್ರ ತೋರಿಸುವ ಮುಂಚೆ ನಿರ್ಮಾಪಕರ ಒಪ್ಪಿಗೆ ಬರಹದಲ್ಲೇ ಪಡೆಯಿರಿ. ಚಿತ್ರೋತ್ಸವಕ್ಕೆ ಕಳಿಸಿದ ಚಿತ್ರವಾದರೆ ಇನ್ನೂ ಹುಷಾರು. ಕೆಲವು ಉತ್ಸವಗಳು ಅದಕ್ಕೆ ಮೊದಲು ಎಲ್ಲೂ ತೋರಿಸಿರಬಾರದು ಅನ್ನುತ್ತವೆ. ಒಪ್ಪಿಗೆ ಬರದ ಚಿತ್ರಗಳ ಹೆಸರು, ಇವರ ಕೆಲಸ ಇಷ್ಟನ್ನೇ ಗೋಡೆಗೆ ಹಾಕಿದೆವು.

ಕೊನೆಗೆ ಎಲ್ಲರ ದಾಖಲೆ ಸೇರಿಸಿ ಒಂದು ಪುಸ್ತಕ ಕಟ್ಟಿಸಿದೆ. ಒಬ್ಬೊಬ್ಬರಿಗೂ ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಪತ್ರ: ಕೃತಿ, ಅವರ ಕೆಲಸ, ಊರು, ತಾರೀಖು, ತಾಲೀಮಿನ ಅವಧಿ, ಯಾವ ಪುರಾವೆ ನೋಡಿದ್ದೇವೆ ಎಂಬುದು. "ಉತ್ತಮ ಕಲಾವಿದರು" ಎಂಬ ಹೊಗಳಿಕೆ ಒಂದೂ ಇಲ್ಲ. ಪುಸ್ತಕದ ಒಂದು ಪ್ರತಿಯನ್ನು ಲೈಬ್ರರಿ ರಿಜಿಸ್ಟರಿಗೆ ಹತ್ತಿಸಿದೆವು, ಇನ್ನೊಂದು ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗೆ ತೋರಿಸುವ ಕಡತಕ್ಕೆ ಹೋಯಿತು. ಇನ್ನು ತಬಲಾ ಮೇಷ್ಟ್ರ ಸರದಿ. ಅವರ ಪುರಾವೆ ಎಲ್ಲ ಹಳೆಯ ಕ್ಯಾಸೆಟ್ಟಿನಲ್ಲಿದೆ. ಬೆಂಗಳೂರು ರಸ್ತೆಯ ಒಬ್ಬ ರಿಪೇರಿಯವರು ಟೇಪ್ ರೆಕಾರ್ಡರ್ ಸರಿ ಮಾಡಿಕೊಡುತ್ತೇನೆ ಎಂದಿದ್ದಾರೆ, ಬೆಲ್ಟ್ ಸಿಕ್ಕರೆ.