ಅಜ್ಜಿಯ ಹೆಸರು ಹಿಡಿದು ಮೊಮ್ಮಗಳಿಗೆ ಹೆಸರು ಹುಡುಕಿದ್ದು

ತೊಟ್ಟಿಲು ಕಾರ್ಯಕ್ರಮದ ಕಾರ್ಡು, ಬ್ಯಾನರ್ ಮಾಡುವವರಿಗೆಲ್ಲ ಈ ಕಷ್ಟ ಗೊತ್ತು. ಡಿಸೈನ್ ಮುಗಿದಿರುತ್ತದೆ, ಫೋಟೊ ಕೂತಿರುತ್ತದೆ, ಹೆಸರಿನ ಜಾಗ ಮಾತ್ರ ಖಾಲಿ. "ನೀವ ಒಂದು ಚೆಂದಂದು ಹೇಳ್ರಿ, ಅರ್ಥನೂ ಇರ್ಬೇಕು" ಅಂತ ಗಿರಾಕಿ ಎದುರಿಗೆ ಕೂತುಬಿಡುತ್ತಾರೆ. ಗಂಗಾವತಿಯಲ್ಲಿ ಹನ್ನೆರಡು ವರ್ಷದಿಂದ ಇದನ್ನೇ ನೋಡಿದ್ದೇನೆ.

ಮನೆಯ ಹಿರಿಯ ಹೆಂಗಸಿನ ಹೆಸರು ಕೇಳಿ, ಅದರ ಅರ್ಥ ಹಿಡಿದು, ಅದೇ ಅರ್ಥದ ಹೊಸ ಹೆಸರು ಕೊಡುತ್ತೇನೆ ಅಂದಾಗ ಇದೇ ಧಂದೆಯ ಗೆಳೆಯರು ನಂಬಲಿಲ್ಲ. "ಹುಲಿಗೆಮ್ಮ, ತಿಪ್ಪಮ್ಮ ಅಂತ ಈಗ ಯಾರು ಕೇಳ್ತಾರ ಬಿಡೋ" ಅಂದರು. ಈಗ ತಿಂಗಳಿಗೆ ಮೂವತ್ತು ಮೂವತ್ತೈದು ಮನೆಯವರು ಬರೀ ಹೆಸರಿಗಾಗಿ ಬರುತ್ತಾರೆ. ಒಂದು ಹೆಸರಿಗೆ 250 ರೂಪಾಯಿ. ಕಾರ್ಡಿನ ದುಡ್ಡು ಬೇರೆ.

ಮೊದಲು ಮಾಡಿದ್ದು ದೊಡ್ಡ ತಪ್ಪು. ಮೊಬೈಲಿನಲ್ಲಿ ಸಿಕ್ಕ ಹೆಸರುಗಳನ್ನೆಲ್ಲ ಎತ್ತಿಕೊಂಡು ಒಂದು ಪುಸ್ತಕ ಮಾಡಿದ್ದೆ. 500 ಪ್ರತಿ, ಹದಿನೆಂಟು ಸಾವಿರದ ಹತ್ತಿರ ಖರ್ಚು. ಅದರಲ್ಲಿ 'ಮೈರಾ ಅಂದರೆ ಸಂಸ್ಕೃತದಲ್ಲಿ ಲಕ್ಷ್ಮಿ' ಅಂತ ಹಾಕಿದ್ದೆ. ಸಂಸ್ಕೃತ ಮೇಷ್ಟ್ರೊಬ್ಬರು ಅಂಗಡಿಗೇ ಬಂದು, ಯಾವ ಕೋಶದಲ್ಲಿದೆ ತೋರಿಸಪ್ಪ ಅಂದರು. ಎಲ್ಲೂ ಇರಲಿಲ್ಲ. ಆಮೇಲೆ ತಿಳಿಯಿತು, ಅದು ಫುಲ್ಕ್ ಗ್ರೆವಿಲ್ ಅನ್ನೋ ಇಂಗ್ಲಿಷ್ ಕವಿ 400 ವರ್ಷಕ್ಕೂ ಹಿಂದೆ ತನ್ನ ಪದ್ಯಗಳಿಗಾಗಿ ಕಟ್ಟಿದ ಹೆಸರು. ಚೆಂದದ ಹೆಸರೇ, ಆದರೆ ಲಕ್ಷ್ಮಿಗೂ ಅದಕ್ಕೂ ಸಂಬಂಧ ಇಲ್ಲ. ಉಳಿದ ಮುನ್ನೂರು ಪ್ರತಿ ರದ್ದಿಗೆ ಹಾಕಿದೆ. ಅವತ್ತಿನಿಂದ ಕೋಶ ನೋಡದೆ ಒಂದು ಅರ್ಥವನ್ನೂ ಬರೆದಿಲ್ಲ. 1894ರ ಕಿಟ್ಟೆಲ್ ನಿಘಂಟಿನ ಮರುಮುದ್ರಣ ನನ್ನ ಕಂಪ್ಯೂಟರಿನ ಪಕ್ಕದಲ್ಲೇ ಇರುತ್ತದೆ.

ಕೈ ಹಿಡಿದ ಮೊದಲ ಕೇಸು ಹೇಳುತ್ತೇನೆ. ಮಗು ಪುಷ್ಯ ನಕ್ಷತ್ರ, ಮೂರನೇ ಪಾದ, ಅಕ್ಷರ 'ಹೋ'. ಅಪ್ಪ ಅಮ್ಮ ಎಂಟು ದಿನ ಹುಡುಕಿ ಸುಸ್ತಾಗಿದ್ದರು. ಅಜ್ಜಿಯ ಹೆಸರೇನು ಅಂದೆ. ಆಂಧ್ರದ ಕಡೆಯಿಂದ ಬಂದು ನೆಲೆಸಿದವರ ಊರು, ನಮ್ಮಲ್ಲಿ ಕ್ಯಾಂಪು ಅನ್ನುತ್ತೇವೆ, ಅಲ್ಲಿನ ತೆಲುಗು ಮನೆ, ಅಜ್ಜಿ ಬಂಗಾರಮ್ಮ. ಬಂಗಾರ ಅಂದರೆ ಹೊನ್ನು, ಅಲ್ವಾ? ಹಳಗನ್ನಡದ ಪೊನ್ನು ಹೊನ್ನಾಯಿತು, ಪೂ ಹೂವಾಯಿತು, ಪಂಪೆ ಹಂಪೆಯಾಯಿತು. ಕೊಡಗಿನ ಪೊನ್ನಮ್ಮ ನಮ್ಮ ಹೊನ್ನಮ್ಮ, ಅಲ್ಲಿನ ಪೂವಮ್ಮ ನಮ್ಮ ಹೂವಮ್ಮ. ತಮಿಳರು ಕಾವೇರಿಯನ್ನು ಪೊನ್ನಿ ಅನ್ನುತ್ತಾರೆ. ಫಾರ್ಸಿಯಿಂದ ಬಂದ ಜರೀನಾ ಕೂಡ ಬಂಗಾರದವಳೇ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ತೋರಿಸಿ 'ಹೊಂಗಿರಣ' ಅಂದೆ. 'ಹೋ' ಅಂದರೂ 'ಹೊ' ಅಂದರೂ ನಡೆಯುತ್ತದೆ ಅಂತ ಪಂಚಾಂಗದ ಅಯ್ಯನವರು ಒಪ್ಪಿದರು. ಮನೆಯಲ್ಲಿ ಆ ಮಗುವನ್ನು ಹೊನ್ನಿ ಅಂತಲೇ ಕರೆಯುತ್ತಾರೆ. ಆ ಹಾಳೆಗೆ ಫ್ರೇಮ್ ಹಾಕಿಸಿ ಅಜ್ಜಿ ದೇವರ ಜಗಲಿ ಮೇಲೆ ಇಟ್ಟುಕೊಂಡಿದ್ದಾರೆ. ಆ ಒಂದು ಮನೆಯಿಂದಲೇ ಏಳೆಂಟು ಗಿರಾಕಿ ಬಂದರು.

ಆದರೆ ಅರ್ಥ ಗೊತ್ತಿದ್ದರೆ ಸಾಲದು, ಹೇಳುವುದಕ್ಕೂ ಬರಬೇಕು. ಕಾರಟಗಿ ಕಡೆಯ ಮನೆಯೊಂದರಲ್ಲಿ ಅಜ್ಜಿ ಸಾಕವ್ವ. ಹೆಣ್ಣು ಸಾಕು ಅಂತ ಇಡುತ್ತಿದ್ದ ಹೆಸರು ಅಂತ ಆಕೆಯ ಎದುರಿಗೇ ಅಂದುಬಿಟ್ಟೆ. ಹಸಿ ಕೂಸನ್ನು ತೊಡೆ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದ ಕೈ ನಿಂತಿತು. "ನಾ ಸಾಕಾದಾಕಿ ಅಲ್ಲಪಾ, ಐದು ಮಂದೀನ ಸಾಕಿದಾಕಿ" ಅಂದರು. ನನಗೆ ಮಾತೇ ಹೊರಡಲಿಲ್ಲ. ಸಾಕು ಅಂದರೆ ಸಲಹು ಅಂತಲೂ ಇದೆ, ಕೋಶದಲ್ಲೂ ಇದೆ, ನಾನೇ ನೋಡಿರಲಿಲ್ಲ. ಆ ಮಗುವಿಗೆ 'ಪೋಷಿಣಿ' ಅಂತ ಕೊಟ್ಟೆ, ದುಡ್ಡು ತೆಗೆದುಕೊಳ್ಳಲಿಲ್ಲ. ಬೇಡ ಅನ್ನುವ ಅರ್ಥದ ಹೆಸರು ಹೊತ್ತು ಬದುಕುವುದು ಎಷ್ಟು ಭಾರ ಅಂತ ಆಮೇಲೆ ಓದಿದಾಗ ಇನ್ನೂ ಚೆನ್ನಾಗಿ ತಿಳಿಯಿತು. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ 'ನಕುಸಾ', ಅಂದರೆ ಬೇಡವಾದವಳು, ಅನ್ನೋ ಹೆಸರಿದ್ದ ಸುಮಾರು 280 ಹುಡುಗಿಯರು 2011ರಲ್ಲಿ ಸರ್ಕಾರಿ ಸಮಾರಂಭದಲ್ಲೇ ಹೊಸ ಹೆಸರು ಪಡೆದರು. ತಿಪ್ಪಮ್ಮನ ವಿಷಯ ಬೇರೆ. ಹಿಂದಿನ ಕೂಸುಗಳು ಉಳಿಯದ ಮನೆಯಲ್ಲಿ, ಈ ಕೂಸಾದರೂ ಉಳಿಯಲಿ ಅಂತ ತಿಪ್ಪೆ ಮೇಲೆ ಹೊರಳಿಸಿ ಇಡುತ್ತಿದ್ದ ಹೆಸರು. ಅದರೊಳಗೆ ತಾಯಿಯ ಹೆದರಿಕೆ ಇದೆ. ಈಗ ಇಂಥ ಹೆಸರು ಬಂದರೆ ಮೊದಲು ಅಜ್ಜಿಯಿಂದಲೇ ಕಥೆ ಹೇಳಿಸುತ್ತೇನೆ. ಬಾಯಿ ಬಿಡದ ಅಜ್ಜಿಯನ್ನು ಮಾತಾಡಿಸಲು ನನ್ನ ಹತ್ತಿರ ಒಂದು ಪ್ರಶ್ನೆ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದೇ ನನ್ನ ಅನ್ನ.

ನಡುವೆ ಸುಮ್ನೆ ಕುತೂಹಲಕ್ಕೆ ಸಿಂಧನೂರಿನ ಬಂಗಾಳಿ ಕ್ಯಾಂಪುಗಳಿಗೆ ನಾಲ್ಕು ಭಾನುವಾರ ಹೋಗಿದ್ದೆ. ಪೆಟ್ರೋಲಿಗೇ ಒಂದೂವರೆ ಸಾವಿರ ಹೋಯಿತು, ಗಿರಾಕಿ ಒಬ್ಬರೂ ಸಿಗಲಿಲ್ಲ. ಆದರೆ ಶೆಫಾಲಿ ಅಂದರೆ ನಮ್ಮ ಪಾರಿಜಾತ ಅಂತ ಗೊತ್ತಾಗಿದ್ದು ಅಲ್ಲೇ. ವಾರದ ಹೆಸರುಗಳನ್ನೂ ಕೂಡಿಹಾಕಿದೆ. ನಮ್ಮಲ್ಲಿ ಸೋಮವ್ವ, ತಾಂಡಾಗಳಲ್ಲಿ ಮಂಗ್ಲಿ. ಆಫ್ರಿಕಾದ ಘಾನಾದಲ್ಲಿ ಅಕಾನ್ ಜನ ಸೋಮವಾರ ಹುಟ್ಟಿದವಳಿಗೆ ಅಜೋವಾ, ಮಂಗಳವಾರದವಳಿಗೆ ಅಬೆನಾ ಅನ್ನುತ್ತಾರೆ. ಇದರಿಂದ ಧಂದೆಗೆ ಏನೂ ಸಿಗಲಿಲ್ಲ, ನೋಟ್‌ಬುಕ್ ಮಾತ್ರ ತುಂಬಿತು. ಒಟ್ಟು 1,400ರ ಹತ್ತಿರ ಹೆಸರಾಗಿರಬಹುದು.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಒಂದು ಶುಕ್ರವಾರ. ಬೆಳಿಗ್ಗೆ ಬಂದ ಮನೆಯವರು ಮಗಳಿಗೆ ಕೃತ್ತಿಕಾ ಅಂತ ಗಟ್ಟಿ ಮಾಡಿಕೊಂಡೇ ಬಂದಿದ್ದರು. ಮಧ್ಯಾಹ್ನ ನಮಾಜ್ ಮುಗಿಸಿ ಬಂದವರ ತಾಯಿ ಪರ್ವೀನ್ ಬೇಗಂ. ಅದೇ ಅರ್ಥದ್ದು ಮಗಳಿಗೆ ಬೇಕು ಅಂದರು. ಪರ್ವೀನ್ ಅಂದರೆ ಫಾರ್ಸಿಯಲ್ಲಿ ಕೃತ್ತಿಕೆಯ ಚುಕ್ಕಿಗಳ ಗೊಂಚಲೇ. ಅರಬ್ಬಿಯಲ್ಲಿ ಅದಕ್ಕೆ ಸುರಯ್ಯಾ. ಸುರಯ್ಯಾ ಕೊಟ್ಟೆ. ಒಂದೇ ಗೊಂಚಲಿನ ಎರಡು ಕಾರ್ಡು ಒಂದೇ ದಿನ ಪ್ರಿಂಟಾದವು. ಎರಡೂ ಮನೆಯವರಿಗೆ ಫೋನ್ ಮಾಡಿ ಹೇಳಿದೆ. ತೊಟ್ಟಿಲಿಗೆ ಒಬ್ಬರ ಮನೆಗೆ ಒಬ್ಬರು ಹೋಗಿಬಂದರಂತೆ.

ಈಗ ಕೈ ಕಟ್ಟಿರುವುದು ಪುಷ್ಯದ ನಾಲ್ಕನೇ ಪಾದದಲ್ಲಿ, 'ಡ' ಅಕ್ಷರ. ನನ್ನ ಹತ್ತಿರ ಮೂರೇ ಹೆಸರಿವೆ. ಮಾನ್ವಿ, ದೇವದುರ್ಗದ ಕಡೆ ಯಾರದಾದರೂ ಮನೆಯಲ್ಲಿ 'ಡ'ದಿಂದ ಶುರುವಾಗುವ ಅಜ್ಜಿಯ ಹೆಸರಿದ್ದರೆ ತಿಳಿಸಿ, ನಾನೇ ಬಂದು ಕೇಳಿಕೊಂಡು ಹೋಗುತ್ತೇನೆ.