ಕಸದ ತಾಣದ ತಳಹಾಳೆಯನ್ನು ಬಿಸಿಯಿಂದ ಕಾಪಾಡುವ ಬಗೆ

ಮುಂಬೈ, ಪುಣೆಗಳ ಕಸದ ತಾಣಗಳಲ್ಲಿ ಉಸ್ತುವಾರಿ ನೋಡಿಕೊಳ್ಳುವ ನಮ್ಮ ಕನ್ನಡಿಗ ಎಂಜಿನಿಯರುಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. 2016ರ ಘನತ್ಯಾಜ್ಯ ನಿಯಮಗಳು ಕಸದಿಂದ ಒಸರುವ ಕೊಳೆನೀರು ನೆಲಕ್ಕಿಳಿಯದಂತೆ ತಳದಲ್ಲಿ 1.5 ಮಿಲಿಮೀಟರ್ ದಪ್ಪದ ಎಚ್‌ಡಿಪಿಇ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಹಾಳೆಯನ್ನೂ ಅದರಡಿ 90 ಸೆಂಟಿಮೀಟರ್ ಜೇಡಿಮಣ್ಣನ್ನೂ ಸೂಚಿಸಿದ್ದವು. ಆದರೆ ದಪ್ಪ ಸರಿಯಿದ್ದ ಮಾತ್ರಕ್ಕೆ ಹಾಳೆ ಬಾಳುತ್ತದೆ ಎನ್ನಲಾಗದು.

ಹಾಳೆಯನ್ನು ಕಾಯುವುದು ಅದರೊಳಗೆ ಬೆರೆಸಿದ ಆ್ಯಂಟಿಆಕ್ಸಿಡೆಂಟ್, ಅಂದರೆ ಆಮ್ಲಜನಕದ ದಾಳಿಯನ್ನು ತಡೆಯುವ ರಾಸಾಯನಿಕ. ಬಿಸಿ ಹೆಚ್ಚಿದಷ್ಟೂ ಅದು ಬೇಗ ಕರಗಿ ಕೊಳೆನೀರಿಗೆ ಇಳಿಯುತ್ತದೆ. ಅದು ಮುಗಿದ ಕೆಲಕಾಲಕ್ಕೆ ಆಮ್ಲಜನಕವು ಪಾಲಿಮರ್ ಸರಪಣಿಗಳನ್ನು ತುಂಡರಿಸತೊಡಗಿ, ಹಾಳೆ ಪೆಡಸಾಗಿ, ಎಳೆತವಿರುವ ಕಡೆ ಬಿರುಕು ಬಿಡುತ್ತದೆ. ಮಣ್ಣು ಮುಚ್ಚಿದ ಹಾಳೆಗೆ 20 ಡಿಗ್ರಿಯಲ್ಲಿ ಕೆಲವು ನೂರು ವರ್ಷಗಳ ಆಯಸ್ಸನ್ನು ಅಂದಾಜಿಸಿದ್ದರೆ, 40 ಡಿಗ್ರಿಯಲ್ಲಿ ಅದು ಸುಮಾರು 70 ವರ್ಷಕ್ಕೆ ಇಳಿಯುತ್ತದೆ. ಆದ್ದರಿಂದ ಖರೀದಿಸುವಾಗಲೇ ಒಐಟಿ ಪರೀಕ್ಷೆಯ ವರದಿ ಕೇಳಿ; ಆಮ್ಲಜನಕದಲ್ಲಿ ಕಾಯಿಸಿದಾಗ ಹಾಳೆ ಎಷ್ಟು ನಿಮಿಷ ತಡೆದುಕೊಳ್ಳುತ್ತದೆ ಎಂಬುದನ್ನು ಅದು ಅಳೆಯುತ್ತದೆ. ಸಾಮಾನ್ಯ ವಿಧಾನದಲ್ಲಿ ಕನಿಷ್ಠ 100 ನಿಮಿಷ ಬಂದಿರಬೇಕು. ಅದೇ ಹಾಳೆಯ ತುಂಡುಗಳನ್ನು ತಾಣದ ಕೊಳೆನೀರಿನಲ್ಲಿ ಮುಳುಗಿಸಿಟ್ಟು ಆಗಾಗ ಮರುಪರೀಕ್ಷೆ ಮಾಡಿಸಿದರೆ ರಕ್ಷಕ ಎಷ್ಟು ಉಳಿದಿದೆಯೆಂಬ ಅಂದಾಜು ಸಿಗುತ್ತದೆ.

ಹಾಸುವ ದಿನಗಳಲ್ಲಿ ಹೆಚ್ಚು ಎಚ್ಚರ ಬೇಕು. ಏಪ್ರಿಲ್, ಮೇ ತಿಂಗಳ ಪುಣೆಯ ಬಿಸಿಲಿನಲ್ಲಿ ಕಪ್ಪು ಹಾಳೆ ಗಾಳಿಗಿಂತ ಬಹಳ ಹೆಚ್ಚು ಕಾಯುತ್ತದೆ, ಮತ್ತು 30 ಡಿಗ್ರಿ ಏರಿದರೆ 100 ಮೀಟರ್ ಉದ್ದದ ಹಾಳೆ ಸುಮಾರು ಅರ್ಧ ಮೀಟರ್ ಹಿಗ್ಗಿ ಸುಕ್ಕುಗಟ್ಟುತ್ತದೆ. ಸುಕ್ಕಿನ ಮೇಲೆಯೇ ಮಣ್ಣು ಸುರಿದರೆ ಮಡಿಕೆ ಶಾಶ್ವತವಾಗಿ ಉಳಿಯುತ್ತದೆ, ಅಲ್ಲೊಂದು ತೂತು ಬಿದ್ದರೆ ಕೊಳೆನೀರು ಸುಕ್ಕಿನುದ್ದಕ್ಕೂ ಹರಿದು ಮಣ್ಣಿಗಿಳಿಯುತ್ತದೆ. ಹಾಗಾಗಿ ಹಾಳೆಯನ್ನು ಮುಚ್ಚುವ ಮಣ್ಣನ್ನು ಬೆಳಗಿನ ತಂಪಿನಲ್ಲೇ ಹರಡಿ; ಆದರೆ ರಾತ್ರಿ ಕುಗ್ಗಿದಾಗ ಇಳಿಜಾರಿನ ಬುಡದಲ್ಲಿ ಹಾಳೆ ನೆಲಬಿಟ್ಟು ಬಿಗಿಯದಂತೆ ತುಸು ಸಡಿಲವನ್ನೂ ಬಿಡಿ. ಗುತ್ತಿಗೆದಾರರು ಎಷ್ಟೇ ಅವಸರಪಡಿಸಿದರೂ ಈ ವಿಷಯದಲ್ಲಿ ಮಣಿಯಬಾರದೆಂದು ನಾನು ಒತ್ತಿ ಹೇಳುತ್ತೇನೆ.

ಕಸ ತುಂಬತೊಡಗಿದ ಮೇಲೆ ಬಿಸಿ ಒಳಗಿನಿಂದಲೇ ಬರುತ್ತದೆ. ಕೊಳೆಯುವ ಹಸಿಕಸದಿಂದ ತಳ ಸಾಮಾನ್ಯವಾಗಿ 30ರಿಂದ 40 ಡಿಗ್ರಿ ಮುಟ್ಟುತ್ತದೆ. ಕೊಳೆನೀರನ್ನು ಮತ್ತೆ ಕಸದ ಮೇಲೆ ಬಿಡುವ ತಾಣಗಳಲ್ಲಿ ಇನ್ನೂ ಏರಬಹುದು. ನೀರು ತಾಗಿದರೆ ಕಾಯುವ ದಹನ ಘಟಕದ ಬೂದಿಯನ್ನೂ ಅಲ್ಯೂಮಿನಿಯಂ ಕುಲುಮೆಯ ಕಿಟ್ಟವನ್ನೂ ತಳಕ್ಕೆ ಹತ್ತಿರ ಹಾಕಿಸಬೇಡಿ. ಕಸ ಬೀಳುವ ಮೊದಲೇ ಹಾಳೆಯ ಮೇಲೆಯೂ ಕೆಳಗಿನ ಜೇಡಿಮಣ್ಣಿನಲ್ಲಿಯೂ ಥರ್ಮೋಕಪಲ್‌ಗಳನ್ನು (ಬಿಸಿ ಅಳೆಯುವ ತಂತಿಗಳನ್ನು) ಹೂಳಿ, ಏಕೆಂದರೆ ಆಮೇಲೆ ಅಲ್ಲಿಗೆ ಕೈ ಹಾಕಲು ಆಗದು. ಬಿಸಿ ಹಾಳೆಯ ಕೆಳಗಿನ ತೇವ ಮತ್ತೂ ಕೆಳಕ್ಕೆ ಸರಿದು ಜೇಡಿಮಣ್ಣು ಒಣಗಿ ಬಿರಿಯಬಹುದು; ಅಳತೆ 40 ಡಿಗ್ರಿ ದಾಟಿ ಏರುತ್ತಲೇ ಇದ್ದರೆ ಕೊಳೆನೀರಿನ ಮರುಬಳಕೆಯನ್ನು ನಿಲ್ಲಿಸಿ, ತಳದಲ್ಲಿ ನಿಂತದ್ದನ್ನು ಪಂಪ್ ಮಾಡಿ ಸಂಸ್ಕರಣೆಗೆ ಕಳುಹಿಸಿ.